ಕುಡಿಯುವ ನೀರಿಗೆ ಪಿವಿಸಿ ಪೈಪು ಹಾಕಿಸಬಹುದೇ? ತಿಳಿದವರು ಹೇಳಬೇಕು

ಪೆರ್ಲದ ಅಕ್ಕ:

ಎಲ್ಲರಿಗೂ ನಮಸ್ಕಾರ. ನಮ್ಮದು ಎಣ್ಮಕಜೆ ಪಂಚಾಯತಿನ ಹಳೆಯ ಮನೆ. ಬಾವಿಯಿಂದ ಟ್ಯಾಂಕಿಗೂ ಟ್ಯಾಂಕಿನಿಂದ ಅಡಿಗೆಮನೆಗೂ ಇರುವ ಜಿಐ ಪೈಪು, ಅಂದರೆ ಸತು ಲೇಪಿಸಿದ ಕಬ್ಬಿಣದ ಪೈಪು, ತುಕ್ಕು ಹಿಡಿದಿದೆ. ಬೆಳಗ್ಗೆ ನಲ್ಲಿ ತಿರುಗಿಸಿದರೆ ಮೊದಲ ಕೊಡಪಾನ ನೀರು ಕೆಂಪಗೆ ಬರುತ್ತದೆ. ಮಳೆ ಹಿಡಿಯುವುದರೊಳಗೆ ಇಡೀ ಲೈನನ್ನು ಬದಲಾಯಿಸಬೇಕೆಂದು ಹೊರಟಿದ್ದೇವೆ. ಬಾವಿಯಿಂದ ಟ್ಯಾಂಕಿನವರೆಗೆ ಪಿವಿಸಿ, ಮನೆಯೊಳಗೆ ಸಿಪಿವಿಸಿ (ಬಿಸಿನೀರನ್ನೂ ತಾಳುವ ಪಿವಿಸಿ) ಹಾಕಿದರೆ ಸಾಕು ಎಂಬುದು ಕೆಲಸದವರ ಸಲಹೆ. ಇಷ್ಟರಲ್ಲಿ, ಪಿವಿಸಿ ತಯಾರಿಸುವ ಮೂಲವಸ್ತುವೇ ಕ್ಯಾನ್ಸರ್ ತರುತ್ತದೆ ಎಂಬ ಸಂದೇಶವೊಂದು ಕುಟುಂಬದ ವಾಟ್ಸ್‌ಆ್ಯಪ್ ಗುಂಪಿಗೆ ಬಂದು, ಮನೆಯಲ್ಲಿ ಎರಡು ಪಕ್ಷವಾಗಿದೆ. ಮಾವನವರು ಪುನಃ ಕಬ್ಬಿಣವನ್ನೇ ಹಾಕಿಸೋಣ ಎನ್ನುತ್ತಾರೆ. ನನ್ನವರಿಗೆ ಪ್ಲಾಸ್ಟಿಕ್ಕೇ ಸರಿಯೆನಿಸಿದೆ.

ಮನೆಯಲ್ಲಿ ಸಣ್ಣ ಮಗುವಿರುವುದರಿಂದ ನಾನು ತೀರ್ಮಾನಕ್ಕೆ ಬರಲಾರದೆ ಇದ್ದೇನೆ. ಈ ಊರಿನ ಗೇರುತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸಿಂಪಡಿಸುತ್ತಿದ್ದ ಅಷ್ಟೂ ವರ್ಷ ನಮ್ಮ ಹಿರಿಯರಿಗೆ ಹೇಳಿದ್ದು ಏನೂ ಆಗುವುದಿಲ್ಲವೆಂದೇ. ಹಾಗಾಗಿ, ಏನೂ ಆಗುವುದಿಲ್ಲ ಎಂಬ ಒಂದು ಮಾತಿನಿಂದ ನಮ್ಮ ಕಡೆಯವರಿಗೆ ಸಮಾಧಾನವಾಗದು. ಪೈಪಿನಿಂದ ನೀರಿಗೆ ಏನು ಇಳಿಯುತ್ತದೆ, ಎಷ್ಟು ಇಳಿಯುತ್ತದೆ, ಯಾವ ಪೈಪಿನಿಂದ ಇಳಿಯುತ್ತದೆ ಎಂಬುದನ್ನು ಬಿಡಿಸಿ ಹೇಳುವವರಿದ್ದರೆ ದೊಡ್ಡ ಉಪಕಾರವಾಗುತ್ತದೆ.

ನೀರ್ಚಾಲಿನ ಮಾಸ್ಟ್ರು:

ಅಕ್ಕ, ಆ ಸಂದೇಶದಲ್ಲಿ ಅರ್ಧ ಸತ್ಯವಿದೆ. ಪಿವಿಸಿ ತಯಾರಾಗುವುದು ವಿನೈಲ್ ಕ್ಲೋರೈಡ್ ಎಂಬ ಅನಿಲದಿಂದ. ಅದು ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುತ್ತದೆಂಬುದು ಖಚಿತವಾಗಿದ್ದು, ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಅದನ್ನು ಮೊದಲನೆಯ ವರ್ಗದಲ್ಲೇ ಇರಿಸಿದೆ. 2023ರ ಫೆಬ್ರವರಿಯಲ್ಲಿ ಅಮೆರಿಕದ ಒಹಾಯೊದಲ್ಲಿ ಹಳಿ ತಪ್ಪಿದ ಗೂಡ್ಸ್ ರೈಲಿನಲ್ಲಿದ್ದದ್ದೂ ಇದೇ ಅನಿಲ. ಆದರೆ ಅದರ ಅಣುಗಳು ಒಂದಕ್ಕೊಂದು ಸರಪಣಿಯಂತೆ ಬೆಸೆದು ಪಿವಿಸಿ ಆದ ಮೇಲೆ ಆ ಅನಿಲದ ಗುಣ ಉಳಿಯುವುದಿಲ್ಲ. ಬೆಸೆಯದೆ ಉಳಿದುಹೋದ ಅಣುಗಳ ಪ್ರಮಾಣವಷ್ಟೇ ನಾವು ಕೇಳಬೇಕಾದ ಪ್ರಶ್ನೆ. 1970ರ ದಶಕದ ನಡುವಿನವರೆಗೆ ತಯಾರಾದ ಪೈಪುಗಳಲ್ಲಿ ಈ ಶೇಷ ಹೆಚ್ಚಾಗಿತ್ತು. ಅಮೆರಿಕದ ಹಳ್ಳಿಗಳಲ್ಲಿ, ಉದ್ದ ಲೈನಿನ ತುದಿಯಲ್ಲಿ ನೀರು ನಿಂತುಬಿಡುವ ಕಡೆಗಳಲ್ಲಿ, ಅದು ನೀರಿಗೆ ಇಳಿದದ್ದೂ ಕಂಡುಬಂದಿತ್ತು. ಆ ಬಳಿಕ ತಯಾರಿಕೆಯ ಹಂತದಲ್ಲೇ ಅನಿಲವನ್ನು ಹೀರಿ ತೆಗೆಯುವ ಪದ್ಧತಿ ಬಂತು. ಆಹಾರಕ್ಕೆ ತಾಗುವ ಪಿವಿಸಿಯಲ್ಲಿ ಕಿಲೋಗ್ರಾಂಗೆ 1 ಮಿಲಿಗ್ರಾಂ ಮೀರಕೂಡದೆಂಬ ಮಿತಿ ಯುರೋಪಿನಲ್ಲಿದೆ. ವಿಶ್ವ ಆರೋಗ್ಯ ಸಂಸ್ಥೆ ಕುಡಿಯುವ ನೀರಿಗೆ ಇಟ್ಟಿರುವ ಮಾರ್ಗದರ್ಶಿ ಮಿತಿ ಲೀಟರಿಗೆ 0.0003 ಮಿಲಿಗ್ರಾಂ. ಮಿತಿಯನ್ನು ಇಷ್ಟು ಕೆಳಗೆ ಇರಿಸಿರುವುದೇ ಅದನ್ನು ಹಗುರವಾಗಿ ತೆಗೆದುಕೊಂಡಿಲ್ಲ ಎಂಬುದನ್ನು ತೋರಿಸುತ್ತದೆ.

ಇನ್ನೊಂದು ಭಯವೂ ಹರಡಿದೆ: ಪ್ಲಾಸ್ಟಿಕ್ಕಿನಲ್ಲಿ ಬಳಸುವ ಥ್ಯಾಲೇಟ್, ಬಿಪಿಎ ಮೊದಲಾದ ರಾಸಾಯನಿಕಗಳದ್ದು. ಥ್ಯಾಲೇಟನ್ನು ಸೇರಿಸುವುದು ಪಿವಿಸಿಯನ್ನು ಮೆತ್ತಗೆ ಮಾಡಲು. ಗಿಡಕ್ಕೆ ನೀರು ಬಿಡುವ ಮೆತ್ತನೆಯ ಹೋಸಿನಲ್ಲಿ ಅಂಥದ್ದು ಇರುತ್ತದೆ. ಗಟ್ಟಿಯಾದ ನೀರಿನ ಪೈಪಿಗೆ ಅದನ್ನು ಸೇರಿಸುವುದಿಲ್ಲ. ಬಿಪಿಎ ಬಳಕೆಯಾಗುವುದು ಮುಖ್ಯವಾಗಿ ಪಾಲಿಕಾರ್ಬೊನೇಟ್ ಮತ್ತು ಎಪಾಕ್ಸಿ ಎಂಬ ಬೇರೆ ಪ್ಲಾಸ್ಟಿಕ್ಕುಗಳಲ್ಲಿ. ಹೋಸಿನಲ್ಲಿ ಥ್ಯಾಲೇಟ್ ಇರುವುದರಿಂದ ಅಂಗಳದಲ್ಲಿ ಬಿಸಿಲಿಗೆ ಬಿದ್ದಿರುವ ಹೋಸಿಗೆ ಮಕ್ಕಳು ಬಾಯಿಟ್ಟು ನೀರು ಕುಡಿಯದಂತೆ ನೋಡಿಕೊಳ್ಳಿ.

ಬಾಯಾರಿನ ತೋಟದವ:

ನಮ್ಮದು ಸುರಂಗದ ನೀರು. ಗುಡ್ಡದೊಳಗಿನಿಂದ ಬರುವ ನೀರನ್ನು ಅಜ್ಜನ ಕಾಲದಲ್ಲಿ ಅಡಿಕೆಮರವನ್ನು ಸೀಳಿ ಮಾಡಿದ ದಂಬೆಯಲ್ಲಿ ಅಂಗಳದ ತೊಟ್ಟಿಯವರೆಗೆ ತರುತ್ತಿದ್ದರು. ದಂಬೆ ಎರಡು ಮಳೆಗಾಲಕ್ಕೆ ಕುಂಬಾಗುತ್ತಿತ್ತು, ಎಲೆ, ಕಪ್ಪೆ, ಹಕ್ಕಿಯ ಹಿಕ್ಕೆ ಎಲ್ಲವೂ ಅದರೊಳಗೆ ಬೀಳುತ್ತಿದ್ದವು. ಈಗ ಕಪ್ಪು ಪೈಪಿನಲ್ಲಿ ತರುತ್ತಿದ್ದೇವೆ, ಪಂಪು ಬೇಡ, ಕರೆಂಟು ಬೇಡ, ನೀರು ತಾನಾಗಿ ಇಳಿದು ಬರುತ್ತದೆ. ಇಷ್ಟು ವರ್ಷದಲ್ಲಿ ಯಾರಿಗೂ ತೊಂದರೆಯಾಗಿಲ್ಲ. ತೋಟಕ್ಕೆ ತಂದ 4 ಕೆ.ಜಿ. (ಒತ್ತಡ ತಾಳುವ ಲೆಕ್ಕ) ಪಿವಿಸಿ ಪೈಪು ಉಳಿದಿದ್ದರೆ ಮನೆಗೂ ಅದನ್ನೇ ಹಾಕುತ್ತಾರೆ ನಮ್ಮಲ್ಲಿ. ಅಷ್ಟೆಲ್ಲ ಹೆದರಬೇಕಾದ ಅಗತ್ಯ ನನಗೆ ಕಾಣುವುದಿಲ್ಲ.

ನಿವೃತ್ತ ಇಂಜಿನಿಯರ್, ಕಾಸರಗೋಡು:

ಬಾಯಾರಿನವರ ಮಾತಿನ ಮೊದಲ ಭಾಗವನ್ನು ಒಪ್ಪುತ್ತೇನೆ, ಕೊನೆಯದನ್ನು ಒಪ್ಪಲಾರೆ. ತೊಂದರೆ ಆಗಿಲ್ಲವೆಂದು ಕಣ್ಣಿಗೆ ಕಂಡು ಹೇಳಬಹುದಾದ ವಿಷಯ ಇದಲ್ಲ. ನಾನು ಹೇಳಹೊರಟಿರುವುದು ಸೀಸದ ಸಂಗತಿ.

ಪಿವಿಸಿಯನ್ನು ಕಾಯಿಸಿ ಪೈಪಾಗಿ ಎಳೆಯುವಾಗ ಅದು ಶಾಖಕ್ಕೆ ಒಡೆದು ಹೋಗದಂತೆ ಒಂದು ಸ್ಥಿರಕಾರಿಯನ್ನು ಬೆರೆಸಬೇಕಾಗುತ್ತದೆ. ನಮ್ಮ ದೇಶದಲ್ಲಿ ಬಹುಕಾಲ ಬೆರೆಸುತ್ತಿದ್ದದ್ದು ಸೀಸದ ಲವಣಗಳನ್ನು, ಏಕೆಂದರೆ ಅವು ಅಗ್ಗ ಮತ್ತು ಕೆಲಸಕ್ಕೆ ಚೆನ್ನಾಗಿ ಒದಗುತ್ತವೆ. ಯುರೋಪಿನ ತಯಾರಕರು 2015ರ ಕೊನೆಯ ಹೊತ್ತಿಗೆ ಸೀಸವನ್ನು ಪೂರ್ತಿ ಬಿಟ್ಟರು. ನಮ್ಮಲ್ಲಿ ಈ ಪ್ರಶ್ನೆ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಗೆ ಹೋಗಿ, ಕೊನೆಗೆ ಕೇಂದ್ರ ಪರಿಸರ ಸಚಿವಾಲಯವು ಪಿವಿಸಿ ಪೈಪು ಮತ್ತು ಫಿಟ್ಟಿಂಗುಗಳಲ್ಲಿ ಸೀಸದ ಬಳಕೆಯನ್ನು ಹಂತಹಂತವಾಗಿ ನಿಲ್ಲಿಸುವ ನಿಯಮಗಳನ್ನು 2021ರಲ್ಲಿ ಹೊರಡಿಸಿತು. ಸೀಸದ ಬದಲಿಗೆ ಈಗ ಕ್ಯಾಲ್ಸಿಯಂ-ಸತು ಅಥವಾ ತವರದ ಸಂಯುಕ್ತಗಳನ್ನು ಬಳಸುತ್ತಾರೆ. ಅಂದರೆ, ಅಂಗಡಿಯ ಹಿಂಬದಿಯಲ್ಲಿ ಧೂಳು ತಿನ್ನುತ್ತ ಬಿದ್ದಿರುವ ಹಳೆಯ ಸರಕು, ತೋಟದಿಂದ ಕಿತ್ತು ತಂದ ಪೈಪು, ಮುದ್ರೆಯಿಲ್ಲದ ಅಗ್ಗದ ಪೈಪು, ಇವುಗಳಲ್ಲಿ ಸೀಸವಿರುವ ಸಾಧ್ಯತೆಯನ್ನು ತಳ್ಳಿಹಾಕುವಂತಿಲ್ಲ.

ಇನ್ನು ನಮ್ಮ ನೆಲದ ವಿಚಾರ. ಕಾಸರಗೋಡಿನ ಬಾವಿಗಳೆಲ್ಲ ಹೆಚ್ಚಾಗಿ ಮುರಕಲ್ಲಿನವು, ಅಂದರೆ ಕೆಂಪು ಜಂಬಿಟ್ಟಿಗೆ ಕಲ್ಲಿನವು. ಮುರಕಲ್ಲಿನ ನೀರು ಮೆದು, ಸ್ವಲ್ಪ ಹುಳಿ. ಕುಡಿಯುವ ನೀರಿನ ಪಿಎಚ್ (ಹುಳಿಯ ಅಳತೆ, ಕಡಿಮೆಯಾದಷ್ಟೂ ಹುಳಿ ಹೆಚ್ಚು) 6.5ರಿಂದ 8.5ರ ನಡುವೆ ಇರಬೇಕೆಂದು ಐಎಸ್ 10500 ಎಂಬ ಭಾರತೀಯ ಮಾನಕ ಹೇಳಿದರೂ ನಮ್ಮ ಎಷ್ಟೋ ಬಾವಿಗಳಲ್ಲಿ ಅದು 6.5ಕ್ಕಿಂತ ಕೆಳಗೇ ಇರುತ್ತದೆ. ಗಡಸು ನೀರಿನ ಊರುಗಳಲ್ಲಿ ಪೈಪಿನ ಒಳಮೈಗೆ ಸುಣ್ಣದ ತೆಳುವಾದ ಪೊರೆ ಕಟ್ಟಿಕೊಂಡು ನೀರಿಗೂ ಪೈಪಿಗೂ ನಡುವೆ ಅಡ್ಡ ನಿಲ್ಲುತ್ತದೆ. ನಮ್ಮ ಮೆದು ನೀರಿನಲ್ಲಿ ಅಂಥ ಪೊರೆ ಕಟ್ಟುವುದಿಲ್ಲ. ಹುಳಿ ನೀರು ಲೋಹವನ್ನು ಕರಗಿಸಿಕೊಂಡೇ ಬರುತ್ತದೆ. ಪೆರ್ಲದ ಅಕ್ಕನ ಮನೆಯ ಕೆಂಪು ನೀರಿಗೂ ಕಾರಣ ಇದೇ. ಮಾವನವರು ಹೇಳಿದಂತೆ ಪುನಃ ಜಿಐ ಹಾಕಿಸಿದರೆ ಮೊದಲು ಸತುವಿನ ಲೇಪ ಹೋಗುತ್ತದೆ, ಆಮೇಲೆ ಕಬ್ಬಿಣ. ಸತುವಿನ ಲೇಪದಲ್ಲಿ ಕಲಬೆರಕೆಯಾಗಿ ಸೀಸವೂ ಇರಬಹುದು. ಹಳೆಯ ಜಿಐ ಪೈಪೊಂದನ್ನು ಅಡ್ಡ ಕೊಯ್ದು ಮಾವನವರಿಗೆ ತೋರಿಸಿ: ಒಂದು ಇಂಚಿನ ಪೈಪಿನೊಳಗೆ ತುಕ್ಕಿನ ಗಂಟುಗಳು ಬೆಳೆದು, ಕಿರುಬೆರಳು ತೂರುವಷ್ಟು ದಾರಿ ಉಳಿದಿರುತ್ತದೆ. ಆ ಗಂಟುಗಳ ಸಂದಿಯಲ್ಲಿ ಕುಳಿತ ರೋಗಾಣುಗಳನ್ನು ಬ್ಲೀಚಿಂಗ್ ಪೌಡರಿನ ನೀರು ಸುಲಭವಾಗಿ ಮುಟ್ಟುವುದಿಲ್ಲ.

ಆದುದರಿಂದ ನಮ್ಮ ಹುಳಿ ನೀರಿಗೆ ಪ್ಲಾಸ್ಟಿಕ್ ಪೈಪು ಕಬ್ಬಿಣಕ್ಕಿಂತ ಮೇಲೆಂಬುದು ನನ್ನ ಅಭಿಪ್ರಾಯ. ಸೀಸವಿಲ್ಲದ ಪೈಪಾಗಿರಬೇಕೆಂಬುದು ಅದಕ್ಕಿರುವ ಷರತ್ತು. ಸೀಸ ಹೆಚ್ಚು ಇಳಿಯುವುದು ಹೊಸ ಪೈಪಿನ ಮೇಲ್ಪದರದಿಂದ. ನೀರು ಹರಿದಂತೆ ಅದು ತಗ್ಗುತ್ತದೆಯಾದರೂ, ನೀರು ಹುಳಿಯಿದ್ದಷ್ಟೂ ಪೈಪಿನಲ್ಲಿ ನಿಂತಷ್ಟೂ ಇಳಿಯುವ ಪ್ರಮಾಣ ಏರುತ್ತದೆ. ನೀರಿನಲ್ಲಿ ಸೀಸದ ಮಿತಿ ಲೀಟರಿಗೆ 0.01 ಮಿಲಿಗ್ರಾಂ. ಮಗುವಿನ ದೇಹಕ್ಕೆ ಇಷ್ಟು ಸೀಸ ಹೋದರೆ ಅಪಾಯವಿಲ್ಲ ಎನ್ನಬಹುದಾದ ಯಾವ ಪ್ರಮಾಣವೂ ಇಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆಯೇ ಹೇಳುತ್ತದೆ. ಅದು ಬೆಳೆಯುವ ಮಿದುಳಿಗೆ ತಗಲುವ ವಿಷ. ಬಣ್ಣವಿಲ್ಲ, ರುಚಿಯಿಲ್ಲ, ವಾಸನೆಯಿಲ್ಲ.

ಪೆರ್ಲದ ಅಕ್ಕ:

ಇಂಜಿನಿಯರ್ ಸರ್, ನಾವು ಕುಡಿಯುವ ನೀರನ್ನೆಲ್ಲ ಜೀರಿಗೆ ಹಾಕಿ ಕುದಿಸುತ್ತೇವೆ. ಕುದಿಸಿದರೆ ಸೀಸ ಹೋಗುತ್ತದೆಯೇ?

ನೀರ್ಚಾಲಿನ ಮಾಸ್ಟ್ರು:

ಹೋಗುವುದಿಲ್ಲ ಅಕ್ಕ. ಕುದಿಸಿದರೆ ರೋಗಾಣು ಸಾಯುತ್ತದೆ, ಆದ್ದರಿಂದ ಕುದಿಸುವುದನ್ನು ಬಿಡಬೇಡಿ. ಆದರೆ ನೀರು ಆವಿಯಾಗಿ ಹೋದಂತೆ ಸೀಸ ಪಾತ್ರೆಯಲ್ಲೇ ಉಳಿದು, ಉಳಿದ ನೀರಿನಲ್ಲಿ ಅದರ ಸಾಂದ್ರತೆ ಸ್ವಲ್ಪ ಏರುತ್ತದೆ. ಗೋಡೆಗೆ ಹಾಕುವ ಯುವಿ ಫಿಲ್ಟರಿನಲ್ಲಿರುವ ಬೆಳಕಿಗೂ ಲೋಹವನ್ನು ತೆಗೆಯುವ ಶಕ್ತಿಯಿಲ್ಲ. ಆರ್‌ಒ ತೆಗೆಯುತ್ತದೆ. ಹಾಗೆಂದು ಎಲ್ಲರೂ ಆರ್‌ಒ ಕೊಳ್ಳಬೇಕೆಂದು ನಾನು ಹೇಳುವುದಿಲ್ಲ. ಒಳ್ಳೆಯ ಬಾವಿಯ ನೀರನ್ನು ಕೆಟ್ಟ ಪೈಪಿನಲ್ಲಿ ಹರಿಸಿ ಕೊನೆಗೆ ಯಂತ್ರದಿಂದ ಶುದ್ಧ ಮಾಡುವುದಕ್ಕಿಂತ ಪೈಪನ್ನೇ ಸರಿಯಾಗಿ ಆರಿಸಿಕೊಳ್ಳುವುದು ಬುದ್ಧಿವಂತಿಕೆ.

ಕುಂಬಳೆಯ ಪ್ಲಂಬರ್:

ಪೈಪಿನ ಕೆಲಸ ಮಾಡಿ ಬದುಕುವವನಾಗಿ ಕೆಲವು ಮಾತು ಹೇಳಬೇಕೆನಿಸಿತು. ಮನೆಯವರು ಸಿಮೆಂಟಿನ, ಟೈಲ್ಸಿನ ಕಂಪೆನಿಯನ್ನು ಹತ್ತು ಸಲ ವಿಚಾರಿಸುತ್ತಾರೆ. ಪೈಪನ್ನು ಮಾತ್ರ ನೀವೇ ತನ್ನಿ ಎಂದು ಬಿಡುತ್ತಾರೆ. ಆಗ ಯಾವುದು ಅಗ್ಗವೋ ಅದು ಬರುತ್ತದೆ. ಪೈಪಿನ ಮೈಮೇಲೆ ಅಚ್ಚೊತ್ತಿದ ಸಾಲನ್ನು ಓದಿ ನೋಡಿ. ಪಿವಿಸಿ ಆದರೆ ಐಎಸ್ 4985, ಸಿಪಿವಿಸಿ ಆದರೆ ಐಎಸ್ 15778, ಕಪ್ಪು ಎಚ್‌ಡಿಪಿಇ (ಪಾಲಿಎಥಿಲೀನ್) ಆದರೆ ಐಎಸ್ 4984 ಎಂದು ಇರಬೇಕು, ಜೊತೆಗೆ ಐಎಸ್‌ಐ ಮುದ್ರೆ ಮತ್ತು ಪರವಾನಗಿ ಸಂಖ್ಯೆ. ಆ ಸಂಖ್ಯೆಯನ್ನು ಬಿಐಎಸ್ ಕೇರ್ ಎಂಬ ಆ್ಯಪಿನಲ್ಲಿ ಹಾಕಿದರೆ ಅದು ನಿಜವೋ ಸುಳ್ಳೋ ಅಲ್ಲೇ ತಿಳಿಯುತ್ತದೆ. ಪಿವಿಸಿಯ ಮಾನಕವನ್ನು 2021ರಲ್ಲಿ ಪರಿಷ್ಕರಿಸಿದ್ದಾರೆ. ಆ ವರ್ಷದ ನಮೂದು ಇರುವ, ಸೀಸರಹಿತ ಎಂದು ಬರೆದಿರುವ ಪೈಪನ್ನೇ ಕೇಳಿ ಪಡೆಯಿರಿ. ಐಎಸ್ 13592 ಎಂದಿದ್ದರೆ ಅದು ಕಕ್ಕಸು, ಬಚ್ಚಲಿನ ಕೊಳೆನೀರಿಗೆ ಮಾಡಿದ ಪೈಪು. ವಯರಿಂಗಿನ ಕಂಡ್ಯೂಟ್ ಪೈಪಿನಲ್ಲಿ ಅಡಿಗೆಮನೆಗೆ ನೀರು ಕೊಂಡುಹೋದದ್ದನ್ನೂ ನೋಡಿದ್ದೇನೆ. ಅವೆರಡೂ ಬಾಯಿಗೆ ಹೋಗುವ ನೀರಿಗೆ ತಯಾರಾದವಲ್ಲ.

ಪೈಪು ಒಳ್ಳೆಯದಾದರೂ ಫಿಟ್ಟಿಂಗು ಹಳೆಯದಾಗಿದ್ದರೆ ಕೆಲಸ ಕೆಟ್ಟಂತೆಯೇ. ಎಲ್ಬೋ, ಟೀ, ವಾಲ್ವು ಎಲ್ಲಕ್ಕೂ ಅದೇ ನಿಯಮ. ಹಿತ್ತಾಳೆಯ ಅಗ್ಗದ ನಲ್ಲಿಗಳಲ್ಲೂ ಸೀಸವಿರುತ್ತದೆ ಎಂಬುದನ್ನು ಯಾರೂ ಹೇಳುವುದಿಲ್ಲ. ಹಿತ್ತಾಳೆಯನ್ನು ಕಡೆಯಲು ಸುಲಭವಾಗಲೆಂದು ಅದನ್ನು ಸೇರಿಸುತ್ತಾರೆ.

ಜೋಡಿಸುವ ಕ್ರಮದ ಬಗ್ಗೆ ಎರಡು ಮಾತು. ನಾವು ಬಳಿಯುವ ಸೊಲ್ಯೂಷನ್ ಎಂಬ ಅಂಟಿನಲ್ಲಿ ಪಿವಿಸಿಯನ್ನೇ ಕರಗಿಸುವ ದ್ರಾವಕಗಳಿರುತ್ತವೆ. ಕೈ ಬಿಗಿ ಹಿಡಿದು ತೆಳ್ಳಗೆ, ಸಮನಾಗಿ ಬಳಿದರೆ ಎರಡು ಪೈಪುಗಳ ಮೈ ಒಂದೇ ಆಗಿ ಬೆಸೆಯುತ್ತದೆ. ಗಡಿಬಿಡಿಯಲ್ಲಿ ಡಬ್ಬಿಯಲ್ಲೇ ಅದ್ದಿ ತುರುಕಿದರೆ ಹೆಚ್ಚಾದದ್ದು ಒಳಗೆ ಮುದ್ದೆಯಾಗಿ ನಿಂತು, ತಿಂಗಳುಗಟ್ಟಲೆ ನೀರಿಗೆ ವಾಸನೆ ಬಿಡುತ್ತದೆ. ಕೊನೆಯ ಜೋಡಣೆ ಮುಗಿದ ಮೇಲೆ ಒಂದು ದಿನ ಒಣಗಲು ಬಿಟ್ಟು, ಆಮೇಲೆ ಎಲ್ಲ ನಲ್ಲಿಗಳನ್ನೂ ಪೂರ್ತಿ ತೆರೆದು ಟ್ಯಾಂಕಿನಷ್ಟು ನೀರನ್ನು ಹೊರಗೆ ಬಿಡಬೇಕು. ಮರುದಿನವೂ ಹಾಗೆಯೇ ಮಾಡಬೇಕು. ಗರಗಸದಿಂದ ಕೊಯ್ದಾಗ ಪೈಪಿನ ಬಾಯಲ್ಲಿ ಹತ್ತಿಯಂತೆ ನೂಲುನೂಲಾಗಿ ಪ್ಲಾಸ್ಟಿಕ್ ನಿಲ್ಲುತ್ತದಲ್ಲ, ಅದನ್ನು ಚೂರಿಯಿಂದ ಕೆರೆದು ತೆಗೆಯದಿದ್ದರೆ ಅದೂ ನೀರಿನ ಜೊತೆ ಹೋಗುತ್ತದೆ.

ಕಪ್ಲರ್ ಇಲ್ಲವೆಂದು ತೆಂಗಿನ ಮಡಲಿನ ಸೂಟೆ ಉರಿಸಿ, ಪೈಪಿನ ತುದಿಯನ್ನು ಆ ಬೆಂಕಿಯಲ್ಲಿ ಕಾಯಿಸಿ ಅಗಲ ಮಾಡಿ ಇನ್ನೊಂದರ ಮೇಲೆ ಏರಿಸುವ ಅಭ್ಯಾಸ ನಮ್ಮ ತೋಟಗಳಲ್ಲಿ ಸಾಮಾನ್ಯ. ಆ ತುದಿ ಕಂದುಗಟ್ಟಿ, ಗೋಡೆ ತೆಳುವಾಗಿ, ಅಲ್ಲಿಂದಲೇ ಒಡೆಯಲು ಆರಂಭವಾಗುತ್ತದೆ. ಉರಿಯುವಾಗ ಮೂಗಿಗೆ ಚುರ್ರೆಂದು ಹೊಡೆಯುವ ಹೊಗೆಯೂ ಒಳ್ಳೆಯದಲ್ಲ. ಸ್ಪ್ರಿಂಕ್ಲರ್ ಲೈನಿಗೆ ಏನು ಮಾಡಿದರೂ ಮಾಡಿ, ಮನೆಯ ನೀರಿನ ಲೈನಿಗೆ ಬೆಂಕಿ ತಾಗಿಸಬೇಡಿ.

ನೀರ್ಚಾಲಿನ ಮಾಸ್ಟ್ರು:

ಪ್ಲಂಬರ್ ಅಣ್ಣ ಹೇಳಿದ ಹೊಗೆ ಹೈಡ್ರೋಜನ್ ಕ್ಲೋರೈಡಿನದು. ಪಿವಿಸಿಯ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು, ಶೇ. 57ರಷ್ಟು, ಕ್ಲೋರಿನ್. ಬೆಂಕಿ ತಗಲಿದಾಗ ಮೊದಲು ಅದೇ ಹೈಡ್ರೋಜನ್ ಕ್ಲೋರೈಡಾಗಿ ಹೊರಬರುತ್ತದೆ.

ಬಾಯಾರಿನ ಅಣ್ಣನಲ್ಲಿ ಇನ್ನೊಂದು ಸಂಗತಿ ಕೇಳಬೇಕು. ಸುರಂಗದ ಪೈಪು ಗುಡ್ಡದ ಮುಳಿಹುಲ್ಲಿನ ನಡುವೆ ಬರುತ್ತದೆಯಷ್ಟೆ? ಮಾರ್ಚ್ ತಿಂಗಳಲ್ಲಿ ಗುಡ್ಡಕ್ಕೆ ಬೆಂಕಿ ಬಿದ್ದು ಪೈಪು ಕರಗಿದರೆ ಏನು ಮಾಡುತ್ತೀರಿ? ಕ್ಯಾಲಿಫೋರ್ನಿಯಾದ ಸಾಂಟಾ ರೋಸಾದಲ್ಲಿ 2017ರ, ಪ್ಯಾರಡೈಸ್ ಊರಿನಲ್ಲಿ 2018ರ ಕಾಳ್ಗಿಚ್ಚಿನ ಬಳಿಕ ನಲ್ಲಿ ನೀರಿನಲ್ಲಿ ಬೆಂಜೀನ್ ಎಂಬ ಕ್ಯಾನ್ಸರ್‌ಕಾರಕ ಕಂಡುಬಂತು. ಸುಟ್ಟ ಪ್ಲಾಸ್ಟಿಕ್ ಪೈಪುಗಳು ಅದಕ್ಕೆ ಒಂದು ಕಾರಣವೆಂದು ಗುರುತಿಸಿದರು. ಒಮ್ಮೆ ಪೈಪಿನ ಮೈಗೆ ಹೀರಿಕೊಂಡ ಬೆಂಜೀನ್ ಬಹುಕಾಲ ನೀರಿಗೆ ಮರಳಿ ಇಳಿಯುತ್ತಲೇ ಇತ್ತು.

ಬಾಯಾರಿನ ತೋಟದವ:

ಮಾಸ್ಟ್ರೇ, ಕರಗಿದ ಜಾಗವನ್ನು ಮಾತ್ರ ಕೊಯ್ದು ತೆಗೆದು ನಡುವೆ ಜಾಯಿಂಟ್ ಹಾಕಿ ಮುಂದುವರಿಸುವುದು ನಮ್ಮ ಕ್ರಮ. ಸ್ವಲ್ಪ ದಿನ ಹೊಗೆಯ ವಾಸನೆ ಇರುತ್ತದೆ, ಆಮೇಲೆ ಗೊತ್ತಾಗುವುದಿಲ್ಲ. ಇದನ್ನು ಓದಿದ ಮೇಲೆ, ಬೆಂಕಿಯ ಬಿಸಿ ತಗಲಿದ ಇಡೀ ತುಂಡನ್ನೇ ಬಿಡುವುದು ಒಳ್ಳೆಯದೆನಿಸುತ್ತದೆ. ಪೈಪನ್ನು ಮಣ್ಣಿನಡಿ ಹೂಳಿದರೆ ಬೆಂಕಿಯ ಭಯವಿಲ್ಲ, ಆದರೆ ಮುರಕಲ್ಲಿನ ಗುಡ್ಡದಲ್ಲಿ ಅಗೆಯುವ ಕೂಲಿ ಕಡಿಮೆಯಲ್ಲ. ಕಪ್ಪು ಪೈಪಿನ ಬಗ್ಗೆಯೂ ಯಾರಾದರೂ ಹೇಳಿ, ನಮ್ಮ ಕಡೆ ಹೆಚ್ಚಿನವರದ್ದು ಅದೇ.

ನಿವೃತ್ತ ಇಂಜಿನಿಯರ್, ಕಾಸರಗೋಡು:

ಎಚ್‌ಡಿಪಿಇಯಲ್ಲಿ ಕ್ಲೋರಿನ್ ಇಲ್ಲ, ಸೀಸದ ಸ್ಥಿರಕಾರಿಯೂ ಬೇಡ. ಕಪ್ಪು ಬಣ್ಣಕ್ಕೆ ಕಾರಣ ಬಿಸಿಲಿನಿಂದ ಕಾಪಾಡಲು ಸೇರಿಸುವ ಕಾರ್ಬನ್ ಬ್ಲ್ಯಾಕ್. ಮಾನಕದ ಪ್ರಕಾರ ಸುಮಾರು ಶೇ. 2.5. ತೆರೆದ ಗುಡ್ಡದಲ್ಲಿ ಬಿದ್ದಿರುವುದಕ್ಕೆ ಪಿವಿಸಿಗಿಂತ ಇದು ಯೋಗ್ಯ. ಅದರಲ್ಲಿ ಎರಡು ತೊಡಕುಗಳಿವೆ. ಕಪ್ಪು ಬಣ್ಣ ಎಲ್ಲವನ್ನೂ ಮುಚ್ಚಿಬಿಡುವುದರಿಂದ, ಗುಜರಿಯ ಪ್ಲಾಸ್ಟಿಕನ್ನು, ಹಳೆಯ ಮದ್ದಿನ ಕ್ಯಾನುಗಳನ್ನು ಕೂಡ, ಕರಗಿಸಿ ಎಳೆದ ಪೈಪು ಹೊಸದರಂತೆಯೇ ಕಾಣುತ್ತದೆ. ಕೊಯ್ದ ಬಾಯಲ್ಲಿ ಸಣ್ಣ ತೂತುಗಳಿದ್ದರೆ, ಒಳಮೈ ತರಿತರಿಯಾಗಿದ್ದರೆ, ಮೂಸಿದಾಗ ಘಾಟು ಬಂದರೆ ಆ ಸುರುಳಿಯನ್ನು ಅಂಗಡಿಗೇ ಹಿಂದಿರುಗಿಸಿ. ಎರಡನೆಯದಾಗಿ, ಪಾಲಿಎಥಿಲೀನಿನ ಗೋಡೆಯನ್ನು ಪೆಟ್ರೋಲು, ಡೀಸೆಲ್ಲಿನಂಥ ದ್ರವಗಳು ದಾಟಿ ಒಳಗೆ ಬರಬಲ್ಲವು. ಪೈಪು ಎಲ್ಲೂ ಒಡೆಯದಿದ್ದರೂ ಇದು ಆಗುತ್ತದೆ. ಡೀಸೆಲ್ ಪಂಪು ಕೂರಿಸಿದ ಕಟ್ಟೆಯ ಬಳಿ, ಎಣ್ಣೆ ಸೋರಿ ಕಪ್ಪಾದ ಮಣ್ಣಿನಲ್ಲಿ ಕುಡಿಯುವ ನೀರಿನ ಪೈಪನ್ನು ಹೂಳಬಾರದು.

ಬಿಳಿ ಅಥವಾ ಬೂದು ಪಿವಿಸಿ ಬಿಸಿಲಿಗೆ ಬಿದ್ದರೆ ಮೈ ಹಳದಿಯಾಗಿ, ಉಜ್ಜಿದರೆ ಸುಣ್ಣದಂತೆ ಪುಡಿ ಕೈಗೆ ಹತ್ತುತ್ತದೆ. ಸಣ್ಣ ಪೆಟ್ಟಿಗೂ ಸೀಳುತ್ತದೆ. ಹೂಳಲು ಆಗದ ಕಡೆ ತಿಳಿಬಣ್ಣದ ನೀರಿನ ಪೈಂಟನ್ನು ಬಳಿಯಿರಿ. ಎಣ್ಣೆ ಪೈಂಟು ಬೇಡ. ಪಿವಿಸಿ 45 ಡಿಗ್ರಿಗಿಂತ ಹೆಚ್ಚು ಬಿಸಿಯಾದ ನೀರಿಗೆ ಹೇಳಿದ್ದಲ್ಲ, ಆದ್ದರಿಂದ ಸೋಲಾರ್ ಹೀಟರಿನ ಲೈನಿಗೆ ಸಿಪಿವಿಸಿಯೇ ಆಗಬೇಕು. ಆದರೆ ಯಾವ ಪೈಪೇ ಇರಲಿ, ಬಿಸಿನೀರಿನ ನಲ್ಲಿಯಿಂದ ಚಹಾಕ್ಕೋ ಅನ್ನಕ್ಕೋ ನೀರು ಹಿಡಿಯುವುದನ್ನು ಬಿಟ್ಟುಬಿಡಿ. ಬಿಸಿಯೇರಿದಂತೆ ಇಳಿಯುವುದೂ ಏರುತ್ತದೆ.

ಮುಳ್ಳೇರಿಯದ ಓದುಗ:

ಇಲ್ಲಿ ಎಲ್ಲರೂ ಸೀಸದ ಸುತ್ತ ಮಾತನಾಡುತ್ತಿದ್ದೀರಿ. ಮೈಕ್ರೋಪ್ಲಾಸ್ಟಿಕಿನ, ಅಂದರೆ ಪ್ಲಾಸ್ಟಿಕ್ಕಿನ ಅತಿಸಣ್ಣ ಕಣಗಳ, ಬಗ್ಗೆ ಒಬ್ಬರೂ ಹೇಳಲಿಲ್ಲ. ಪ್ಲಾಸ್ಟಿಕ್ ಪೈಪಿನಲ್ಲಿ ವರ್ಷಗಟ್ಟಲೆ ನೀರು ಉಜ್ಜುತ್ತ ಹರಿದರೆ ಅದರ ಕಣಗಳು ನಮ್ಮ ಹೊಟ್ಟೆಗೆ ಹೋಗುವುದಿಲ್ಲವೇ? ಇಂದು ಪ್ರಮಾಣದೊಳಗಿದೆ ಎಂದದ್ದನ್ನು ನಾಳೆ ವಿಷವೆಂದು ಹೇಳುವುದನ್ನು ಈ ಜಿಲ್ಲೆಯವರಿಗೆ ಯಾರೂ ಕಲಿಸಬೇಕಾಗಿಲ್ಲ. ತಾಮ್ರದ ಅಥವಾ ಸ್ಟೀಲಿನ ಪೈಪನ್ನೇ ಏಕೆ ಹಾಕಬಾರದು?

ನೀರ್ಚಾಲಿನ ಮಾಸ್ಟ್ರು:

ನಿಮ್ಮ ಎಚ್ಚರಿಕೆ ನ್ಯಾಯವಾದದ್ದು. 2019ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಕುಡಿಯುವ ನೀರಿನ ಮೈಕ್ರೋಪ್ಲಾಸ್ಟಿಕಿನ ಬಗ್ಗೆ ವರದಿ ಮಾಡಿತು. ಆಗ ಸಿಕ್ಕಿದ ಸೀಮಿತ ಮಾಹಿತಿಯ ಮಟ್ಟಿಗೆ ಆರೋಗ್ಯಕ್ಕೆ ದೊಡ್ಡ ಆತಂಕ ಕಾಣುವುದಿಲ್ಲವೆಂದೂ, ಸಂಶೋಧನೆ ಇನ್ನೂ ಬಹಳ ಆಗಬೇಕೆಂದೂ ಅದು ಹೇಳಿತು. ಇದನ್ನು ಅಭಯಪತ್ರವೆಂದು ನಾನು ಓದುವುದಿಲ್ಲ. ಆದರೆ ಸೀಸದ ಕೆಡುಕು ನಿಶ್ಚಿತವಾಗಿ ಗೊತ್ತಿರುವಂಥದ್ದು, ನೀರಿನ ರೋಗಾಣುಗಳ ಕೆಡುಕು ಪ್ರತಿ ಮಳೆಗಾಲದಲ್ಲೂ ಆಸ್ಪತ್ರೆಗಳಲ್ಲಿ ಕಾಣುವಂಥದ್ದು. ಮನೆಯ ಹಣವೂ ಗಮನವೂ ಮೊದಲು ಅಲ್ಲಿಗೆ ಹೋಗಬೇಕೆಂಬುದು ನನ್ನ ನಿಲುವು. ಕಣಗಳ ವಿಚಾರದಲ್ಲಿ ನಮ್ಮ ಕೈಯಲ್ಲಿರುವುದು, ಬಿಸಿಲಿಗೆ ಪುಡಿಯಾಗುತ್ತಿರುವ ಪೈಪನ್ನು ಉಳಿಸಿಕೊಳ್ಳದಿರುವುದು ಮತ್ತು ಕೊಯ್ದ ಬಾಯನ್ನು ನಯ ಮಾಡುವುದು.

ತಾಮ್ರ ಗಡಸು ನೀರಿನ ಊರಿಗೆ ಚೆನ್ನಾಗಿ ಹೊಂದುತ್ತದೆ. ನಮ್ಮ ಹುಳಿ ನೀರು ಅದನ್ನು ಕರಗಿಸುತ್ತದೆ. ಸಿಂಕಿನಲ್ಲಿ ನೀಲಿ-ಹಸಿರು ಕಲೆ ಕಂಡರೆ ಅದು ತಾಮ್ರದ ಗುರುತು. ತಾಮ್ರಕ್ಕೂ ಲೀಟರಿಗೆ 2 ಮಿಲಿಗ್ರಾಂ ಎಂಬ ಮಾರ್ಗದರ್ಶಿ ಮಿತಿಯಿದೆ. ಒಳ್ಳೆಯ ದರ್ಜೆಯ ಸ್ಟೇನ್‌ಲೆಸ್ ಸ್ಟೀಲ್ ಖಂಡಿತ ಒಳ್ಳೆಯದು. ಹಣವಿದ್ದವರು ಹಾಕಿಸಲಿ. ಪಂಚಾಯತಿನ ಮನೆಯಲ್ಲಿರುವವರಿಗೂ ಕಾಲೊನಿಯಲ್ಲಿರುವವರಿಗೂ ಅದು ಎಟಕುವುದಿಲ್ಲ. ಅವರ ಮಕ್ಕಳೂ ಅದೇ ಹುಳಿ ನೀರನ್ನೇ ಕುಡಿಯುತ್ತಾರಲ್ಲ.

ಉಪ್ಪಳದ ಕಡಲತಡಿಯವರು:

ಚರ್ಚೆಯನ್ನು ಮೊದಲಿನಿಂದ ಓದಿದೆ. ನಮ್ಮದು ಕಡಲತಡಿ, ಉಪ್ಪುಗಾಳಿಗೆ ಕಬ್ಬಿಣ ನಿಲ್ಲುವುದಿಲ್ಲ, ಹಾಗಾಗಿ ಪ್ಲಾಸ್ಟಿಕ್ ಬಿಟ್ಟು ಬೇರೆ ದಾರಿಯಿಲ್ಲ. ಒಂದು ಕೊರತೆ ಕಂಡದ್ದರಿಂದ ಬರೆಯುತ್ತಿದ್ದೇನೆ. ನಮ್ಮ ಬೀದಿಯ ಲೈನಿಗೆ ದಿನವಿಡೀ ನೀರು ಬರುವುದಿಲ್ಲ. ನೀರು ನಿಂತ ಹೊತ್ತಿನಲ್ಲಿ ಪೈಪಿನೊಳಗೆ ಒತ್ತಡ ಇಳಿದು, ಸೋರುತ್ತಿದ್ದ ಜಾಗವೇ ಹೊರಗಿನದನ್ನು ಒಳಕ್ಕೆ ಎಳೆಯುತ್ತದೆ. ಚರಂಡಿಯ ಬದಿಯಲ್ಲಿ ಹೋಗುವ ಪೈಪಿನ ಒಡಕಿಗೆ ಸೈಕಲ್ ಟ್ಯೂಬಿನ ಪಟ್ಟಿ ಸುತ್ತಿ, ಅದರ ಮೇಲೆ ನೈಲಾನ್ ಹಗ್ಗ ಕಟ್ಟಿ ವರ್ಷಗಳಿಂದ ಬಿಟ್ಟಿರುವುದನ್ನು ಹೋಗಿ ನೋಡಿ. ನೀರು ಬರುವಾಗ ಅಲ್ಲಿಂದ ಸಣ್ಣ ಕಾರಂಜಿ, ನೀರು ನಿಂತಾಗ ಅದರ ಸುತ್ತ ಚರಂಡಿಯ ಕಪ್ಪು ನೀರು. ಅದು ಸೀಸದಂತೆ ವರ್ಷ ಕಾಯುವುದಿಲ್ಲ, ಒಂದೇ ವಾರದಲ್ಲಿ ಮನೆಮಂದಿಯನ್ನೆಲ್ಲ ಮಲಗಿಸುತ್ತದೆ.

ಬಾಯಾರಿನ ತೋಟದವ:

ಉಪ್ಪಳದವರು ಹೇಳಿದ್ದು ತೋಟದ ಮನೆಗಳಿಗೂ ಸರಿಯಾಗಿ ಅನ್ವಯಿಸುತ್ತದೆ. ನಮ್ಮಲ್ಲಿ ಒಂದೇ ಪಂಪಿನಿಂದ ಟ್ಯಾಂಕಿಗೂ ತೋಟದ ಜೆಟ್ಟುಗಳಿಗೂ ಲೈನು ಹೋಗುತ್ತದೆ, ನಡುವೆ ಇರುವುದು ಒಂದು ಗೇಟ್ ವಾಲ್ವು. ಹಟ್ಟಿಯ ಸ್ಲರಿಯನ್ನು ಅದೇ ತೋಟದ ಲೈನಿನಲ್ಲಿ ಬಿಡುವವರಿದ್ದಾರೆ. ಕೊಳೆರೋಗಕ್ಕೆ ಮೈಲುತುತ್ತು, ಸುಣ್ಣ ಕಲಸುವ ಡ್ರಮ್ಮಿಗೆ ನೀರು ತುಂಬಿಸಲು ಹೋಸಿನ ಬಾಯನ್ನು ಮದ್ದಿನೊಳಗೆ ಮುಳುಗಿಸಿ ಬಿಡುವುದೂ ಇದೆ. ಅಷ್ಟರಲ್ಲಿ ಕರೆಂಟು ಹೋದರೆ?

ಕುಂಬಳೆಯ ಪ್ಲಂಬರ್:

ಕರೆಂಟು ಹೋದೊಡನೆ ಪೈಪಿನ ನೀರು ಬಾವಿಯ ಕಡೆಗೆ ಇಳಿಯಲು ನೋಡುತ್ತದೆ, ಮುಳುಗಿದ ಹೋಸು ಡ್ರಮ್ಮಿನ ಮದ್ದನ್ನು ಹೀರುತ್ತದೆ. ಬಾವಿಯೊಳಗಿನ ಪೈಪಿನ ತುದಿಯಲ್ಲಿರುವ ಫುಟ್‌ವಾಲ್ವಿನ ತಳ ಸವೆದಿದ್ದರೆ ಅದು ನೇರ ಬಾವಿಗೇ. ಮನೆಯ ಲೈನನ್ನೂ ತೋಟದ ಲೈನನ್ನೂ ಪೂರ್ತಿ ಬೇರೆ ಮಾಡಿ. ಗೇಟ್ ವಾಲ್ವು ನಂಬುವಂಥದ್ದಲ್ಲ, ಸವೆದ ಮೇಲೆ ಮುಚ್ಚಿದರೂ ಸೋರುತ್ತದೆ. ಬೇರೆ ಮಾಡಲು ಕಷ್ಟವಿದ್ದರೆ ಮನೆಯ ಕವಲಿಗೆ ನೀರು ಹಿಂದಕ್ಕೆ ಹರಿಯದಂತೆ ತಡೆಯುವ ನಾನ್-ರಿಟರ್ನ್ ವಾಲ್ವು ಹಾಕಿಸಿ, ಹೋಸಿನ ಬಾಯಿ ಯಾವಾಗಲೂ ಡ್ರಮ್ಮಿನ ನೀರಿಗಿಂತ ಒಂದು ಗೇಣು ಮೇಲೆ ಇರುವಂತೆ ಕಟ್ಟಿ. ಸ್ಲರಿ ಹರಿದ ಪೈಪನ್ನು ತೊಳೆದು ಮನೆಗೆ ಹಾಕಲು ನನ್ನಲ್ಲಿ ಯಾರು ಕೇಳಿದರೂ ನಾನು ಹಾಕುವುದಿಲ್ಲ.

ಪೆರ್ಲದ ಅಕ್ಕ:

ಎಲ್ಲರಿಗೂ ಹೃತ್ಪೂರ್ವಕ ವಂದನೆಗಳು. ಕೊಯ್ದ ಜಿಐ ತುಂಡನ್ನು ಮಾವನವರ ಕೈಯಲ್ಲೇ ಕೊಟ್ಟೆವು. ನೋಡಿದ ಮೇಲೆ ಕಬ್ಬಿಣದ ಮಾತು ಬಿಟ್ಟರು. ಬಾವಿಯಿಂದ ಟ್ಯಾಂಕಿಗೆ ಐಎಸ್ 4985ರ ಸೀಸರಹಿತ ಪೈಪು, 10 ಕೆ.ಜಿ.ಯದ್ದು, ಮಣ್ಣಿನಡಿ, ಮನೆಯೊಳಗೆ ಸಿಪಿವಿಸಿ, ಅಡಿಗೆಮನೆಯ ನಲ್ಲಿ ಸ್ಟೀಲಿನದು, ತೋಟದ ಲೈನು ಬೇರೆ. ಹೀಗೆಂದು ತೀರ್ಮಾನಿಸಿದ್ದೇವೆ. ಇನ್ನೊಂದೇ ಪ್ರಶ್ನೆ ಉಳಿದಿದೆ. ಮಗು ಇಷ್ಟು ದಿನ ಕುಡಿದದ್ದು ಹಳೆಯ ಲೈನಿನ ನೀರನ್ನು. ಅದರಲ್ಲಿ ಸೀಸವಿತ್ತೋ ಎಂದು ತಿಳಿಯುವುದು ಹೇಗೆ? ಹೊಸ ಲೈನಿನದ್ದನ್ನೂ ಪರೀಕ್ಷೆ ಮಾಡಿಸಬೇಕೆಂದಿದೆ.

ನಿವೃತ್ತ ಇಂಜಿನಿಯರ್, ಕಾಸರಗೋಡು:

ಹಾಗಾದರೆ ಹಳೆಯ ಲೈನನ್ನು ಕೀಳುವ ಮೊದಲೇ ಮಾದರಿ ತೆಗೆದಿಡಿ. ಕೇರಳ ಜಲ ಪ್ರಾಧಿಕಾರದ ಪ್ರಯೋಗಾಲಯದಲ್ಲಿ ವಿಚಾರಿಸಿ, ಸೀಸದ ಪರೀಕ್ಷೆ ಆಗಬೇಕೆಂದು ಹೆಸರು ಹಿಡಿದು ಕೇಳಿ. ಸಾಮಾನ್ಯ ಪರೀಕ್ಷೆಯೆಂದರೆ ಪಿಎಚ್, ಕಬ್ಬಿಣ, ಗಡಸುತನ, ಕೋಲಿಫಾರ್ಮ್ ಎಂಬ ಬ್ಯಾಕ್ಟೀರಿಯಾ ಇಷ್ಟನ್ನು ನೋಡಿ ಮುಗಿಸುತ್ತಾರೆ, ಸೀಸ ಅದರಲ್ಲಿ ಬರದೆ ಹೋಗಬಹುದು. ಅಲ್ಲಿ ಆಗದಿದ್ದರೆ ಎಲ್ಲಿ ಆಗುತ್ತದೆಂದು ಅವರನ್ನೇ ಕೇಳಿ, ಬಾಟಲಿಯನ್ನೂ ಅವರಿಂದಲೇ ಪಡೆಯಿರಿ.

ರಾತ್ರಿ ಎಲ್ಲರೂ ಮಲಗುವ ಮುಂಚೆ ಅಡಿಗೆಮನೆಯ ನಲ್ಲಿಯನ್ನು ಮುಚ್ಚಿದವರು ಬೆಳಗ್ಗಿನವರೆಗೆ, ಕಡಿಮೆಯೆಂದರೆ ಆರು ಗಂಟೆ, ಅದನ್ನು ಮುಟ್ಟಬೇಡಿ. ಬೆಳಗ್ಗೆ ಮುಖ ತೊಳೆಯುವುದಕ್ಕೂ ಮೊದಲು, ನೀರನ್ನು ಸ್ವಲ್ಪವೂ ಚೆಲ್ಲದೆ, ಮೊದಲ ಒಂದು ಲೀಟರನ್ನು ಹಾಗೆಯೇ ಬಾಟಲಿಗೆ ಹಿಡಿಯಿರಿ. ಅದರ ಮೇಲೆ ಒಂದು ಎಂದು ಬರೆಯಿರಿ. ಆಮೇಲೆ ಎರಡು ಮೂರು ನಿಮಿಷ ನೀರನ್ನು ರಭಸವಾಗಿ ಬಿಟ್ಟು ಎರಡನೆಯ ಬಾಟಲಿ ತುಂಬಿಸಿ. ಮೂರನೆಯದನ್ನು ಬಾವಿಯಿಂದ ನೇರವಾಗಿ ಸೇದಿ ತೆಗೆಯಿರಿ. ಮೊದಲನೆಯದರಲ್ಲಿ ಸೀಸ ಕಂಡು ಎರಡನೆಯದರಲ್ಲಿ ಇಲ್ಲದಿದ್ದರೆ ನಲ್ಲಿಯಿಂದಲೋ ಅದರ ಹತ್ತಿರದ ಜೋಡಣೆಯಿಂದಲೋ ಬಂದಿದೆ. ಎರಡರಲ್ಲೂ ಇದ್ದು ಬಾವಿಯ ನೀರಿನಲ್ಲಿ ಇಲ್ಲದಿದ್ದರೆ ಉದ್ದದ ಲೈನಿನದ್ದು. ಮೊದಲ ಬಾಟಲಿಯಲ್ಲಿ 0.01ಕ್ಕಿಂತ ಹೆಚ್ಚು ಬಂದರೆ ಆ ಚೀಟಿಯನ್ನು ಹಿಡಿದುಕೊಂಡು ಮಗುವನ್ನು ಮಕ್ಕಳ ವೈದ್ಯರಿಗೆ ತೋರಿಸಿ. ರಕ್ತದಲ್ಲಿ ಸೀಸವೆಷ್ಟಿದೆಯೆಂದು ಪರೀಕ್ಷಿಸುವ ಕ್ರಮವಿದೆ. ಹೊಸ ಲೈನು ಹಾಕಿ, ತೊಳೆದು, ಕೆಲವು ವಾರ ಬಳಸಿದ ಮೇಲೆ ಇದೇ ಕ್ರಮದಲ್ಲಿ ಇನ್ನೊಮ್ಮೆ ಮಾಡಿಸಿ. ಫಲಿತಾಂಶ ಬಂದಾಗ ಇಲ್ಲಿ ಹಾಕಿದರೆ ಪೈವಳಿಕೆ, ಪುತ್ತಿಗೆ, ಬದಿಯಡ್ಕದವರಿಗೂ ಉಪಯೋಗವಾಗುತ್ತದೆ. ಎಲ್ಲರದ್ದೂ ಹೆಚ್ಚುಕಡಿಮೆ ಅದೇ ಮುರಕಲ್ಲಿನ ನೀರು.

ಪೆರ್ಲದ ಅಕ್ಕ:

ಆಗಲಿ ಸರ್. ಮಾದರಿ ಕೊಟ್ಟ ಬಳಿಕವೇ ಕೆಲಸದವರನ್ನು ಕರೆಸುತ್ತೇವೆ. ವರದಿ ಏನೇ ಬರಲಿ, ಇದ್ದದ್ದನ್ನು ಇದ್ದಂತೆ ಇಲ್ಲಿ ಹಾಕುತ್ತೇನೆ.